ಅಪ್ಪನ ಮಂಚ

ಒಂದೇ ಕೋಣೆಯಲ್ಲಿ ಎಂಟು ಜನ ಗಂಡಸರು ಮಲಗುತ್ತೇವೆ, ನಿಮ್ಮನ್ನು ಕರೆದುಕೊಂಡು ಹೋಗಿ ಎಲ್ಲಿ ಇರಿಸಲಿ ಎಂದು ಅಪ್ಪ ಇಪ್ಪತ್ತು ವರ್ಷ ಹೇಳುತ್ತಲೇ ಬಂದಿದ್ದ. ಅವನು ಆ ಕಡಲಾಚೆಯ ಊರಿನಲ್ಲೇ ತೀರಿಕೊಂಡು ವರ್ಷವಾದ ಮೇಲೆ, ಅವನು ಮಲಗುತ್ತಿದ್ದ ಮಂಚವನ್ನಾದರೂ ಒಮ್ಮೆ ಮುಟ್ಟಿ ಬರುತ್ತೇನೆಂದು ಮಗಳು ಒಬ್ಬಳೇ ವಿಮಾನ ಹತ್ತಿದಳು.

ಟ್ಯಾಕ್ಸಿಯವನು ಒಂದೇ ಮಸೀದಿಯನ್ನು ಮೂರು ಸಲ ಸುತ್ತಿಸಿ, ಯಾವುದೋ ಓಣಿಯಲ್ಲಿ ಇಳಿಸಿ ಹೊರಟುಹೋದ. ಬಿಸಿಲಿಗೆ ಕಣ್ಣು ಕತ್ತಲಿಟ್ಟು ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದಾಗ, ಬುರ್ಖಾ ತೊಟ್ಟ ಮುದುಕಿಯೊಬ್ಬಳು ನೀರು ಕುಡಿಸಿದಳು. ಬಾಯಿಗೆ ಖರ್ಜೂರವಿಟ್ಟಳು. ಕಂಪೆನಿಯವರು ಕೊಟ್ಟ ವಿಳಾಸದ ಚೀಟಿ ನೋಡಿ, ಕೈಹಿಡಿದು ನಡೆಸಿಕೊಂಡು ಬಂದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಕತೆಗಳಲ್ಲಿ ದಾರಿ ತೋರುವ ಅಜ್ಜಿಯೇ ಎದ್ದು ಬಂದಳೇನೋ ಎನ್ನಿಸಿ ಇವಳ ಕಣ್ಣು ತುಂಬಿತು.

ಬಾಗಿಲು ತೆರೆದವಳು ಹದಿನೈದರ ಒಬ್ಬ ಹುಡುಗಿ.

ಇವಳು ಅಪ್ಪನ ಫೋಟೋ ಮುಂದೆ ಹಿಡಿದು, ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿಬಿಟ್ಟಳು: “ಇವರು ಇದ್ದದ್ದು ಇಲ್ಲೇಯಾ?”

ಹುಡುಗಿ ಫೋಟೋವನ್ನು ಬಹಳ ಹೊತ್ತು ನೋಡಿದಳು.

“ಇಲ್ಲೇ. ನೀವು ಊರಿಂದ ಬಂದದ್ದಾ ಅಕ್ಕ?”

“ಹೌದು. ಅವರ ಮಂಚ ಉಂಟಾ ಇನ್ನೂ?”

“ಉಂಟು, ಉಂಟು. ಬಿಸಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ. ನಿಮ್ಮ ಹೆಸರು ಎಂತದು?”

“ಮುತ್ತಕ್ಕ. ನಮ್ಮ ಅಜ್ಜಿಯ ಹೆಸರು.”

“ಅಯ್ಯೋ, ನನ್ನದೂ ಅದೇ ಹೆಸರು ಮಾರಾಯ್ರೆ! ತನ್ನ ಅಮ್ಮನ ಹೆಸರೇ ಆಗಬೇಕು ಅಂತ ಅಪ್ಪ ಹಟ ಮಾಡಿ ಇಟ್ಟದ್ದಂತೆ.”