ಅಂಗೈ ಬಿಸಿ

ಗಂಡು ಕೋಳಿಮರಿ ಅಂಗೈ ಬಿಸಿಗೆ ಕಣ್ಣು ಮುಚ್ಚುವವರೆಗೂ ಫಾತಿಮಾ ಬೀ ಅದರ ತಲೆ ನೇವರಿಸಿದಳು. ನಿದ್ದೆ ಹತ್ತಿದ ಕೂಡಲೇ ಎರಡು ಬೆರಳಲ್ಲಿ ಕತ್ತು ಹಿಡಿದು ಒಂದೇ ಸಲಕ್ಕೆ ಮುರಿದಳು. ತೆಂಗಿನ ಬುಡದ ಗುಂಡಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು.

ಲಕ್ವ ಹೊಡೆದು ಹಿತ್ತಲ ಮಂಚ ಹಿಡಿದಿದ್ದ ಗಂಡ ಮುನಾಫ್ ನೋಡುತ್ತಲೇ ಇದ್ದ. ಅವನ ಗ್ಯಾರೇಜು ಮುಚ್ಚಿ ವರ್ಷವಾಗಿತ್ತು.

"ಅವೇನ್ ಮಾಡಿದ್ವೇ ನಿಂಗೆ?" ಎಂದ ತೊದಲುತ್ತಾ.

"ಇವು ಮೊಟ್ಟೆ ಜಾತಿವು ಕಣ್ರೀ. ಗಂಡು ಮೊಟ್ಟೆ ಇಡಲ್ಲ, ಮೈನೂ ತುಂಬಲ್ಲ. ಸುಮ್ನೆ ಕೂತು ತಿನ್ನೋವ್ಕೆ ಕಾಳು ಎಲ್ಲಿಂದ ತರ್ಲಿ? ನಿದ್ದೇಲೇ ಹೋದ್ರೆ ನೋವೂ ಗೊತ್ತಾಗಲ್ಲ."

ಗುಂಡಿ ಮುಚ್ಚಿ ಕೈ ತೊಳೆದು ಬಂದು, ಅವನಿಗೆ ಗಂಜಿ ಕುಡಿಸಿ ಬಾಯಿ ಒರೆಸಿದಳು. ಪಕ್ಕದಲ್ಲಿ ಕೂತು ತಲೆ ನೇವರಿಸತೊಡಗಿದಳು.

"ಒಸಿ ಮಲ್ಕಳಿ" ಎಂದಳು.

ಅಂಗೈ ಬೆಚ್ಚಗಿತ್ತು. ಮುನಾಫ್ ಕಣ್ಣು ಮುಚ್ಚಲಿಲ್ಲ.