ಹತ್ತೊಂಬತ್ತನೆಯ ಫಾರಂ

ತುರ್ತು ಚಿಕಿತ್ಸಾ ವಿಭಾಗದ ಹತ್ತೊಂಬತ್ತು ನರ್ಸ್‌ಗಳೂ ಹೆಸರು ಬರೆಯದೆ ಮಾನಸಿಕ ಆರೋಗ್ಯದ ಫಾರಂ ತುಂಬಿಕೊಟ್ಟಿದ್ದರು. ಅವುಗಳಲ್ಲಿ ಒಂದನ್ನು ಆಪ್ತ ಸಲಹೆಗಾರ್ತಿ ಬೇರೆ ತೆಗೆದಿಟ್ಟಿದ್ದರು. ಅದರ ಕೊನೆಯಲ್ಲಿ ಒಂದು ಸಾಲಿತ್ತು: ‘ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.’

“ಇವರನ್ನ ಬೇಗ ಹುಡುಕಬೇಕು. ನಾನು ಕೇಳಿದ್ರೆ ಬಾಯಿ ಬಿಡಲ್ಲ. ನೀವಾದ್ರೆ ಅವರಿಗೆಲ್ಲ ತಾಯಿ ಇದ್ದ ಹಾಗೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ,” ಎಂದು ಅವರು ವಿಭಾಗದ ಹಿರಿಯ ಸಿಸ್ಟರ್‌ಗೆ ಹೇಳಿದರು.

ಸಿಸ್ಟರ್ ಒಂದು ವಾರ ಕೇಳಿದರು. ರೋಗಿಗಳನ್ನು ಕೇಳುವ ಹಾಗೆಯೇ, ಕೈ ಹಿಡಿದುಕೊಂಡು, “ಎಲ್ಲಿ ನೋವಮ್ಮಾ?” ಎಂದು.

“ಕಾಲು ಸಿಸ್ಟರ್. ಬೆಳಗ್ಗೆ ಏಳರಿಂದ ಕೂತೇ ಇಲ್ಲ,” ಎಂದು ನರ್ಸ್ ಲವೀನಾ ನಕ್ಕಳು. ಒಬ್ಬಳು ಅತ್ತೆಯನ್ನು ಬೈದಳು. ಇನ್ನೊಬ್ಬಳು ಕಳೆದ ತಿಂಗಳು ತನ್ನ ಕೈಯಲ್ಲೇ ಪ್ರಾಣ ಬಿಟ್ಟ ಮಗುವನ್ನು ನೆನೆದು ಅರ್ಧ ಗಂಟೆ ಅತ್ತಳು. ಅವಳನ್ನು ಮನೆಗೆ ಕಳಿಸಿ ಆ ದಿನದ ಅವಳ ಡ್ಯೂಟಿಯನ್ನು ಸಿಸ್ಟರೇ ಮಾಡಿದರು. ಆದರೆ ಆ ಸಾಲು ತನ್ನದೆಂದು ಯಾರೂ ಹೇಳಲಿಲ್ಲ.

ಸೋಮವಾರ ಸಲಹೆಗಾರ್ತಿ ವಿಚಾರಿಸಿದರು. “ಎಷ್ಟು ಜನರನ್ನ ಕೇಳಿದ್ರಿ?”

“ಹದಿನೆಂಟು.”

“ಇನ್ನೊಬ್ಬರು ರಜೇಲಿದ್ದಾರಾ?”

“ಇಲ್ಲ ಮೇಡಂ, ದಿನಾ ಡ್ಯೂಟೀಲೇ ಇದ್ದೆ. ‘ನಿಮಗೆಲ್ಲಿ ನೋವು ಸಿಸ್ಟರ್’ ಅಂತ ಒಬ್ಬರಾದ್ರೂ ತಿರುಗಿ ಕೇಳ್ತಾರೇನೋ ಅಂತ ಕಾದೆ.”