ಮುದುಕವ್ವನ ಬ್ಯಾಕ್ ಬಟನ್

ಮುದುಕವ್ವನ ಹೆಬ್ಬೆರಳು ಫೋನಿನ ಬ್ಯಾಕ್ ಬಟನ್ ಕಡೆ ಹೊರಟಿದ್ದು ಕಂಡು ಸುರೇಖಾ ಮುಂದಕ್ಕೆ ಬಾಗಿದಳು. ಬ್ಯಾಡಗಿಯ ಈ ಮೆಣಸಿನಕಾಯಿ ಅಂಗಡಿಗೆ ಚೀಲಗಳ ಲೆಕ್ಕ ಬರೆಯುವ ಆ್ಯಪ್ ಮಾಡಿಕೊಟ್ಟವಳು ಅವಳೇ. ಹೋದ ವಾರ ಮುದುಕವ್ವ ಇದೇ ಬಟನ್ ಒತ್ತಿದ್ದಕ್ಕೆ ಆ್ಯಪ್ ಮುಚ್ಚಿ, ಮೂವತ್ತು ಚೀಲಗಳ ವಿವರ ಅಳಿಸಿಹೋಗಿತ್ತು. "ಇವತ್ತೂ ಹಂಗಾದ್ರ ನಮಗ ಹಾಳಿ-ಪೆನ್ನ ಸಾಕ್ರಿ," ಎನ್ನುತ್ತ ಅಂಗಡಿಯ ಮಾಲೀಕ ಕೊಟ್ರೇಶ ಹಾಳೆಯ ಕಟ್ಟು ಹಿಡಿದುಕೊಂಡೇ ನಿಂತಿದ್ದ.

ಕಾಯಿ ಆರಿಸಿ ಚೀಲ ತುಂಬಿದ ಮೇಲೆ ಮುದುಕವ್ವ ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಸರಿದು ಬಣ್ಣ ನೋಡುತ್ತಾಳೆ. ಆಮೇಲೆಯೇ ಮುಂದಿನ ಚೀಲ. ಹೋದ ವಾರ ಫೋನಿನಲ್ಲೂ ಅವಳು ಮಾಡಿದ್ದು ಅದನ್ನೇ: ಬರೆದದ್ದನ್ನು ನೋಡಲು ಹಿಂದಕ್ಕೆ ಹೋಗಿದ್ದಳು. "ಹಿಂದ ಸರದು ನೋಡಿದವರನ್ನ ಅಂಗಡಿ ಹೊರಗ ದಬ್ಬತಾರೇನವ್ವಾ?" ಎಂದು ಅಂದು ಅವಳು ಸುರೇಖಾಳನ್ನು ಕೇಳಿದ್ದಳು. ಸುರೇಖಾ ಆ ವಾರವೆಲ್ಲ ಕೂತು ಆ ಬಟನ್ನಿನ ಕೆಲಸವನ್ನೇ ತಿದ್ದಿದ್ದಳು.

ಹೆಬ್ಬೆರಳು ಒತ್ತಿತು. ಆ್ಯಪ್ ಮುಚ್ಚಲಿಲ್ಲ. ನಲವತ್ತನೇ ಚೀಲದ ಪುಟ ಸರಿದು ಮೂವತ್ತೊಂಬತ್ತನೆಯದು ತೆರೆಯಿತು, ಬರೆದದ್ದೆಲ್ಲ ಬರೆದ ಹಾಗೇ.

"ಅಯ್ಯ, ಕಡ್ಡಿಕಾಯಿಗೆ ಡಬ್ಬಿ ಅಂತ ಬರದೇನಿ," ಎಂದು ಮುದುಕವ್ವ ಮೆಣಸಿನಕಾಯಿ ತಳಿಯ ಹೆಸರು ತಿದ್ದಿದಳು. ಆಮೇಲೆ ಕೊಟ್ರೇಶನ ಕೈಯತ್ತ ನೋಡಿ ನಕ್ಕಳು. "ಸಾವ್ಕಾರ್ರ, ಆ ಹಾಳಿ ಒಗೀಬ್ಯಾಡ್ರಿ. ಮಂಡಕ್ಕಿ ಗಿರ್ಮಿಟ್ ಕಟ್ಟಾಕ ಬರ್ತಾವು."